ಟ್ರಂಕಿನ ಪಹಣಿ, ಮೊಬೈಲಿನ ಪಹಣಿ: ತಲೆಮಾರುಗಳು ರಾಜಕೀಯವನ್ನೂ ತಂತ್ರಜ್ಞಾನವನ್ನೂ ನೋಡುವ ಬಗೆ

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ನಮ್ಮ ಮನೆಯ ಅಟ್ಟದ ಮೇಲೆ ತಗಡಿನ ಟ್ರಂಕೊಂದು ಇದೆ. ಕಂದಾಯ ಕಟ್ಟಿದ ರಸೀದಿಗಳು, ಕೈಬರಹದ ಪಹಣಿಗಳು, 1970ರ ದಶಕದ ಕೊನೆಯಲ್ಲಿ ಭೂನ್ಯಾಯ ಮಂಡಳಿ ನೀಡಿದ ಆದೇಶದ ಪ್ರತಿ, ಇವೆಲ್ಲವನ್ನೂ ನನ್ನ ತಂದೆಯವರು ಹಳೆಯ ಪಂಚೆಯಲ್ಲಿ ಸುತ್ತಿ ಅದರೊಳಗೆ ಇಟ್ಟಿದ್ದಾರೆ. ಮಳೆಗಾಲ ಕಳೆದು ಬಿಸಿಲು ಬಿದ್ದಾಗ ವರ್ಷಕ್ಕೊಮ್ಮೆ ಅವನ್ನು ಜಗುಲಿಯ ಮೇಲೆ ಹರವಿ, ಗೆದ್ದಲು ಹಿಡಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೆ ಸುತ್ತಿಡುತ್ತಾರೆ. ಕಳೆದ ವರ್ಷ ಹಾಗೆ ಹರವಿದ್ದಾಗ ಬೆಂಗಳೂರಿನಿಂದ ಬಂದಿದ್ದ ನನ್ನ ಮಗ, “ತಾತ, ಇದೆಲ್ಲ ಮೊಬೈಲಲ್ಲೇ ಬರುತ್ತಲ್ಲ, ಇನ್ನೂ ಯಾಕೆ ಇಟ್ಕೊಂಡಿದ್ದೀರ?” ಎಂದು ಕೇಳಿ, ನಿಂತಲ್ಲೇ ಸರ್ವೆ ನಂಬರ್ ಒತ್ತಿ ಪಹಣಿ ತೆಗೆದು ತೋರಿಸಿದ. ತಂದೆಯವರು ಕನ್ನಡಕ ಹಾಕಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದರು. “ಸರಿಯಾಗೇ ಇದೆ ಕಣಪ್ಪ. ಆದ್ರೆ ನಾಳೆ ಇದನ್ನ ಯಾರಾದ್ರೂ ತಿದ್ದಿದ್ರೆ ನಂಗೆ ಹೆಂಗೆ ಗೊತ್ತಾಗುತ್ತೆ?” ಎಂದರು.

ಮಗ ಆ ಮಾತನ್ನು ವಯಸ್ಸಾದವರ ಅನುಮಾನವೆಂದುಕೊಂಡ. ನನಗೆ ಹಾಗನ್ನಿಸಲಿಲ್ಲ. ಮೊಬೈಲು ಬಳಸಲು ಬಾರದ ಕಾರಣಕ್ಕೆ ತಂದೆಯವರು ಆ ಪ್ರಶ್ನೆ ಕೇಳಿದವರಲ್ಲ. ಅವರು ಪ್ರತಿದಿನ ವಾಟ್ಸಾಪ್ ನೋಡುತ್ತಾರೆ, ಮೊಮ್ಮಗನ ಜೊತೆ ವಿಡಿಯೊ ಕರೆಯಲ್ಲಿ ಮಾತಾಡುತ್ತಾರೆ. ಜಮೀನಿನ ದಾಖಲೆಯ ವಿಷಯಕ್ಕೆ ಬಂದಾಗ ಮಾತ್ರ ಅವರ ಕೈ ಹಿಂದೆ ಸರಿಯುತ್ತದೆ. ಒಂದೇ ಮನುಷ್ಯ ಒಂದೇ ಯಂತ್ರವನ್ನು ಒಂದು ಕೆಲಸಕ್ಕೆ ನಂಬಿ ಇನ್ನೊಂದಕ್ಕೆ ನಂಬದಿರುವುದು ಏಕೆ? ಹಾಗೆಯೇ, ಒಂದೇ ಮನೆಯಲ್ಲಿ ಊಟ ಮಾಡುವ ಮೂವರು ಚುನಾವಣೆಯ ಹೊತ್ತಿಗೆ ಮೂರು ಬೇರೆ ಬೇರೆ ವಿಷಯಗಳನ್ನು ದೊಡ್ಡದೆಂದು ಭಾವಿಸುವುದು ಏಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಸಿಗುತ್ತದೆ ಎಂದು ನನಗೆ ತೋರುತ್ತದೆ.

‘ಕಾಲ ಬದಲಾಯಿತು’, ‘ಈಗಿನ ಹುಡುಗರೇ ಹೀಗೆ’ ಎಂದು ನಾವು ಹೇಳುವಾಗ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಮೂಟೆಗೆ ತುಂಬುತ್ತಿರುತ್ತೇವೆ. ಮೊದಲನೆಯದು ವಯಸ್ಸಿನ ಪರಿಣಾಮ. ಮದುವೆ, ಮಕ್ಕಳು, ಸಾಲ, ಮಂಡಿನೋವು ಇವು ಯಾವ ಕಾಲದಲ್ಲಿ ಹುಟ್ಟಿದವರಿಗೂ ಹೆಚ್ಚುಕಡಿಮೆ ಅದೇ ಸರದಿಯಲ್ಲಿ ಬರುತ್ತವೆ. ಇಪ್ಪತ್ತರಲ್ಲಿ ಇದ್ದ ಬಿರುಸು ಐವತ್ತರಲ್ಲಿ ಇರುವುದಿಲ್ಲ. ಎರಡನೆಯದು ಕಾಲದ ಪರಿಣಾಮ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗ ಅದು ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ತಟ್ಟಿತು, ಬ್ಯಾಂಕಿನ ಮುಂದಿನ ಸಾಲಿನಲ್ಲಿ ಎಲ್ಲರೂ ನಿಂತರು. ಮೂರನೆಯದು ನಿಜವಾದ ತಲೆಮಾರಿನ ಪರಿಣಾಮ. ಒಂದು ಘಟನೆ ಎಳೆಯ ವಯಸ್ಸಿನವರ ಮನಸ್ಸಿನಲ್ಲಿ ಅಚ್ಚೊತ್ತಿ, ಅವರು ಮುದುಕರಾದ ಮೇಲೂ ಅಳಿಯದೆ ಉಳಿಯುವುದಕ್ಕೆ ಈ ಹೆಸರು. ನಮ್ಮ ಮಗ ಐವತ್ತು ವರ್ಷದವನಾದಾಗ ನನ್ನ ಹಾಗೆ ಎಚ್ಚರದಿಂದ ಹಣ ಖರ್ಚು ಮಾಡಬಹುದು, ಅದು ವಯಸ್ಸು. ಆದರೆ ನನ್ನ ತಂದೆಯವರ ಹಾಗೆ ಕಾಗದವನ್ನು ಪಂಚೆಯಲ್ಲಿ ಸುತ್ತಿಡುವವನು ಅವನು ಎಂದಿಗೂ ಆಗಲಾರ, ಏಕೆಂದರೆ ಆ ಅಭ್ಯಾಸ ಬಂದದ್ದು ವಯಸ್ಸಿನಿಂದಲ್ಲ.

ಈ ಮೂರನೆಯದನ್ನು ಬಿಡಿಸಿ ಹೇಳಿದವರಲ್ಲಿ ಮುಖ್ಯರು ಹಂಗೇರಿಯಲ್ಲಿ ಹುಟ್ಟಿ ಜರ್ಮನಿಯಲ್ಲಿ ಪಾಠ ಹೇಳುತ್ತಿದ್ದ ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್. 1928ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಅವರು, ಒಂದೇ ವರ್ಷದಲ್ಲಿ ಹುಟ್ಟಿದ ಮಾತ್ರಕ್ಕೆ ಜನ ಒಂದು ತಲೆಮಾರಾಗುವುದಿಲ್ಲ, ಹರೆಯಕ್ಕೆ ಕಾಲಿಡುವ ಹೊತ್ತಿಗೆ ಒಂದೇ ದೊಡ್ಡ ಘಟನೆಯ ನಡುವೆ ಸಿಕ್ಕಿಕೊಂಡಾಗ ಮಾತ್ರ ಆಗುತ್ತಾರೆ ಎಂದರು. ಅವರ ನಂತರ ಬಂದ ಸಂಶೋಧಕರು ಸುಮಾರು 17ರಿಂದ 25 ವರ್ಷದ ನಡುವಿನ ಅವಧಿಯನ್ನು ಮನಸ್ಸು ಹಸಿ ಗೋಡೆಯಂತಿರುವ ಕಾಲವೆಂದು ಗುರುತಿಸಿದ್ದಾರೆ. ಆಗ ಮೂಡಿದ ಗುರುತು ಗೋಡೆ ಒಣಗಿದ ಮೇಲೂ ಉಳಿಯುತ್ತದೆ. ಮ್ಯಾನ್‌ಹೈಮ್ ಹೇಳಿದ ಇನ್ನೊಂದು ಮಾತನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಒಂದೇ ಘಟನೆಯನ್ನು ಕಂಡ ಒಂದೇ ತಲೆಮಾರಿನವರು ಅದಕ್ಕೆ ಪರಸ್ಪರ ವಿರುದ್ಧವಾದ ಅರ್ಥ ಕೊಟ್ಟುಕೊಂಡು ಎರಡು ಪಂಗಡಗಳಾಗಬಹುದು. ಆದರೆ ಇಬ್ಬರೂ ಜಗಳವಾಡುವುದು ಅದೇ ಘಟನೆಯ ಬಗ್ಗೆ, ಹಾಗಾಗಿ ಇಬ್ಬರೂ ಒಂದೇ ತಲೆಮಾರಿಗೆ ಸೇರಿದವರು.

ಈ ಮಾತಿಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ತುರ್ತು ಪರಿಸ್ಥಿತಿ ಮುಗಿದು 1977ರ ಲೋಕಸಭಾ ಚುನಾವಣೆ ಬಂದಾಗ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಆದರೆ ಕರ್ನಾಟಕದಲ್ಲಿ 28 ಸ್ಥಾನಗಳಲ್ಲಿ 26ನ್ನು ಅದೇ ಪಕ್ಷ ಗೆದ್ದಿತು. ಉಳಿದ ಎರಡು ಕ್ಷೇತ್ರಗಳಲ್ಲಿ ಒಂದು ಹಾಸನ. ಇಲ್ಲಿ ಜನತಾ ಕಡೆಯವರು ಗೆದ್ದರು. ಹೊಳೆನರಸೀಪುರದಿಂದ 1962ರಲ್ಲೇ ಪಕ್ಷೇತರರಾಗಿ ವಿಧಾನಸಭೆಗೆ ಹೋಗಿದ್ದ ಎಚ್.ಡಿ. ದೇವೇಗೌಡರು ತುರ್ತು ಪರಿಸ್ಥಿತಿಯಲ್ಲಿ ಜೈಲು ಸೇರಿದ್ದು ಜಿಲ್ಲೆಯ ಹುಡುಗರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು. ಪಕ್ಕದ ಚಿಕ್ಕಮಗಳೂರಿನಲ್ಲಿ ಕಾಂಗ್ರೆಸ್ಸಿನ ಡಿ.ಬಿ. ಚಂದ್ರೇಗೌಡರು ಗೆದ್ದರು, ಮರುವರ್ಷ ಸ್ಥಾನವನ್ನು ಬಿಟ್ಟುಕೊಟ್ಟರು, 1978ರ ನವೆಂಬರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಮತ್ತೆ ಲೋಕಸಭೆ ಪ್ರವೇಶಿಸಿದರು. ಎರಡು ಜಿಲ್ಲೆಗಳ ನಡುವೆ ಒಂದೂವರೆ ಗಂಟೆಯ ದಾರಿ. ಮಾತು ಒಂದೇ, ಮಳೆ ಒಂದೇ, ಸಂಬಂಧ ಬೆಳೆಸುವ ಮನೆತನಗಳೂ ಒಂದೇ. ಆದರೂ ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದ ಹಾಸನದವರು ಆ ವರ್ಷಗಳನ್ನು ಜೈಲಿನ ನೆನಪಾಗಿ ಇಟ್ಟುಕೊಂಡರೆ, ಚಿಕ್ಕಮಗಳೂರಿನವರಲ್ಲಿ ಬಹಳ ಮಂದಿ ಸೋತು ಬಂದ ನಾಯಕಿಗೆ ತಮ್ಮ ಊರು ನೆಲೆ ಕೊಟ್ಟ ಹೆಮ್ಮೆಯಾಗಿ ಇಟ್ಟುಕೊಂಡರು.

ಇದೇ ಬಿರುಕು ಒಂದೇ ಮನೆಯೊಳಗೂ ಓಡಿತು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ, ಬೇರೆಯವರ ಜಮೀನನ್ನು ಬಾಡಿಗೆಗೆ ಉಳುವ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು, ತಾಲ್ಲೂಕಿನ ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ತೀರ್ಪು ಕೊಡುತ್ತಿತ್ತು. ನನ್ನ ತಂದೆಯವರಿಗೆ ಆಗ ಇಪ್ಪತ್ತೈದು. ಅಜ್ಜ ಗೇಣಿಗೆ ಉಳುತ್ತಿದ್ದ ಗದ್ದೆ ತಮ್ಮ ಹೆಸರಿಗೆ ಬಂದದ್ದು ಅವರ ಬದುಕಿನ ಅತಿ ದೊಡ್ಡ ರಾಜಕೀಯ ಘಟನೆ. ಅವರ ಓರಗೆಯ ನನ್ನ ಸೋದರಮಾವನ ಮನೆಯವರು ಕಾಫಿ ತೋಟದವರು; ಕಾಫಿ, ಏಲಕ್ಕಿಯಂಥ ಪ್ಲಾಂಟೇಷನ್ ಬೆಳೆಗಳಿಗೆ ಆ ಕಾಯ್ದೆಯಿಂದ ವಿನಾಯಿತಿ ಇದ್ದುದರಿಂದ ಅವರ ತೋಟಕ್ಕೆ ಏನೂ ಆಗಲಿಲ್ಲ, ಆದರೆ ಗೇಣಿಗೆ ಕೊಟ್ಟಿದ್ದ ಗದ್ದೆ ಕೈಬಿಟ್ಟಿತು. ಇಬ್ಬರೂ ಈಗ ಎಪ್ಪತ್ತೈದು ದಾಟಿದ್ದಾರೆ. ಹಬ್ಬಕ್ಕೆ ಸೇರಿದಾಗ ಇಂದಿಗೂ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ, ಯಾವ ಹೊಸ ಪಕ್ಷ ಬಂದರೂ ಇಬ್ಬರೂ ಅದನ್ನು ಆ ಗದ್ದೆಯ ಬದುವಿನ ಮೇಲೆ ನಿಂತೇ ಅಳೆಯುತ್ತಾರೆ.

ಹೀಗಿರುವಾಗ ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿದ ತಲೆಮಾರಿನ ಹೆಸರುಗಳನ್ನು ನಮ್ಮ ಊರಿನವರ ಮೇಲೆ ಅಂಟಿಸುವುದರಲ್ಲಿ ಅರ್ಥವಿಲ್ಲ. 1946ರಿಂದ 1964ರ ನಡುವೆ ಹುಟ್ಟಿದವರನ್ನು ‘ಬೂಮರ್’ ಎಂದು ಕರೆದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಜನನ ಸಂಖ್ಯೆ ದಿಢೀರ್ ಏರಿದ ಕಾರಣಕ್ಕೆ. ನಮ್ಮಲ್ಲಿ ಆ ವರ್ಷಗಳಲ್ಲಿ ಹುಟ್ಟಿದವರು ಗೇಣಿ, ಬರ, ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟಿನಲ್ಲಿ ಮುಳುಗಿದ ಊರುಗಳು, ತುರ್ತು ಪರಿಸ್ಥಿತಿ ಇವುಗಳ ನಡುವೆ ಬೆಳೆದವರು. ಅವರ ಹಿಂದೆ ಬಂದ ನನ್ನ ವಯಸ್ಸಿನವರ ಕಥೆಯೇ ಬೇರೆ. 1987ರಲ್ಲಿ ಮಂಡಲ ಪಂಚಾಯ್ತಿ ಮತ್ತು ಜಿಲ್ಲಾ ಪರಿಷತ್ ಚುನಾವಣೆ ನಡೆದು, ಸ್ಥಾನಗಳಲ್ಲಿ ಕಾಲು ಭಾಗ ಹೆಂಗಸರಿಗೆ ಮೀಸಲಾದದ್ದನ್ನು ನಾವು ಹೈಸ್ಕೂಲಿನಲ್ಲಿದ್ದಾಗ ಕಂಡೆವು. ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದರಿಂದ ನಮ್ಮ ಅಣ್ಣಂದಿರು 1989ರಲ್ಲಿ, ನಾವು 1991ರಲ್ಲಿ ಮೊದಲ ಮತ ಹಾಕಿದೆವು. ನನಗೆ ಇಪ್ಪತ್ಮೂರು ವರ್ಷವಾಗಿದ್ದಾಗ ನಮ್ಮ ಜಿಲ್ಲೆಯ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾಗಿ ಕೆಂಪುಕೋಟೆಯ ಮೇಲೆ ನಿಂತರು. ಆ ದಿನ ಹಾಸನದ ಹುಡುಗರಲ್ಲಿ ಮೂಡಿದ ಆತ್ಮವಿಶ್ವಾಸ, ಅಧಿಕಾರವೆಂಬುದು ದೂರದ್ದಲ್ಲ ಎಂಬ ನಂಬಿಕೆ, ಪಕ್ಷಭೇದವಿಲ್ಲದೆ ನಮ್ಮ ವಯಸ್ಸಿನವರಲ್ಲಿ ಇಂದಿಗೂ ಇದೆ. ನನ್ನ ಮಗನಿಗೆ ಅದು ಪಾಠಪುಸ್ತಕದ ಸಾಲು.

ತಲೆಮಾರು ಎಂದರೆ ಇಪ್ಪತ್ತೈದು ವರ್ಷದ ಅಂತರವೇ ಆಗಬೇಕಿಲ್ಲ ಎಂಬುದಕ್ಕೆ ಕಾಫಿಯವರನ್ನು ನೋಡಬೇಕು. 1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ಬೆಳೆದದ್ದನ್ನೆಲ್ಲ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. 1990ರ ದಶಕದ ಮೊದಲ ವರ್ಷಗಳಿಂದ ಈ ಕಟ್ಟು ಒಂದೊಂದೇ ಹಂತದಲ್ಲಿ ಸಡಿಲವಾಗಿ, 1996ರ ಹೊತ್ತಿಗೆ ಪೂರ್ತಿ ಬಿಚ್ಚಿತು. ಅದೇ ಸಮಯದಲ್ಲಿ, 1994ರಲ್ಲಿ, ಬ್ರೆಜಿಲ್‌ನಲ್ಲಿ ಬಿದ್ದ ಹಿಮದಿಂದ ಅಲ್ಲಿನ ತೋಟಗಳು ಸುಟ್ಟು ಜಗತ್ತಿನ ದರ ಗಗನಕ್ಕೇರಿತು. ಆಗ ತೋಟದ ಜವಾಬ್ದಾರಿ ಹೊತ್ತ ಇಪ್ಪತ್ತರ ಯುವಕನಿಗೆ ಮುಕ್ತ ಮಾರುಕಟ್ಟೆಯೆಂದರೆ ಹೊಸ ಮನೆ, ಹೊಸ ಜೀಪು. ಐದಾರು ವರ್ಷ ತಡವಾಗಿ, 2001ರ ಸುಮಾರಿಗೆ ದರ ನೆಲಕಚ್ಚಿದಾಗ ತೋಟಕ್ಕೆ ಇಳಿದ ಅವನ ತಮ್ಮನಿಗೆ ಅದೇ ಮಾರುಕಟ್ಟೆಯೆಂದರೆ ಬ್ಯಾಂಕಿನ ನೋಟೀಸು. ಅಣ್ಣ ದರ ಏರುವವರೆಗೆ ಮೂಟೆ ಹಿಡಿದಿಡುವ ಧೈರ್ಯದವನು, ತಮ್ಮ ಕಣದಿಂದಲೇ ಮಾರಿ ಸಾಲ ತೀರಿಸುವವನು. ಈಗ ಅವರ ಮಕ್ಕಳು ಬೆಳಿಗ್ಗೆ ಎದ್ದು ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್ ವಾಯಿದಾ ಮಾರುಕಟ್ಟೆಯ ದರವನ್ನು ಮೊಬೈಲಿನಲ್ಲಿ ನೋಡುತ್ತಾರೆ. ಯಂತ್ರ ಒಂದೇ, ಆದರೆ ಪರದೆಯ ಮೇಲಿನ ಅಂಕಿ ಯಾರಿಗೆ ಆಸೆ ಹುಟ್ಟಿಸುತ್ತದೆ, ಯಾರಿಗೆ ಎದೆ ನಡುಗಿಸುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ಮನೆಯ ನೆನಪು.

ಈಗ ತಂತ್ರಜ್ಞಾನದ ಮಾತಿಗೆ ಬರಬಹುದು. ವಯಸ್ಸಾದವರು ಹೊಸದನ್ನು ಒಲ್ಲರು ಎಂಬುದು ಎಷ್ಟು ಸುಲಭವಾಗಿ ನಾಲಿಗೆಗೆ ಬರುತ್ತದೆಯೋ ಅಷ್ಟೇ ಅರೆಬರೆ ಸತ್ಯ. ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಮುಂದಿಟ್ಟ, ಇಂದಿಗೂ ಬಳಕೆಯಲ್ಲಿರುವ ವಿವರಣೆಯ ಪ್ರಕಾರ, ಜನ ಹೊಸ ಯಂತ್ರವನ್ನು ಒಪ್ಪುವುದು ಮುಖ್ಯವಾಗಿ ಎರಡನ್ನು ನೋಡಿ: ಇದರಿಂದ ನನಗೆ ಉಪಯೋಗವಿದೆಯೇ, ಇದನ್ನು ಬಳಸುವುದು ಸುಲಭವೇ. ನಮ್ಮ ಕಡೆಯ ಅನುಭವದಿಂದ ನಾನು ಇದಕ್ಕೆ ಮೂರನೆಯದೊಂದನ್ನು ಸೇರಿಸುತ್ತೇನೆ: ತಪ್ಪಾದರೆ ನಷ್ಟ ಯಾರ ತಲೆಗೆ ಬರುತ್ತದೆ?

ಆಲೂರು, ಸಕಲೇಶಪುರ ಕಡೆ ಕಾಡಾನೆಗಳ ಓಡಾಟ ವಿಪರೀತ. ಆನೆ ಎಲ್ಲಿದೆಯೆಂಬ ಸಂದೇಶ ಮೊಬೈಲಿಗೆ ಬರುವ ವ್ಯವಸ್ಥೆ ಬಂದಾಗ ಅದನ್ನು ಮೊದಲು ಹಿಡಿದವರಲ್ಲಿ ನಮ್ಮೂರಿನ ವಯಸ್ಸಾದವರೂ ಇದ್ದರು. ಮುರಿದ ಬೈನೆ ಮರ, ಹಸಿ ಲದ್ದಿ, ಗಾಳಿಯಲ್ಲಿ ಬರುವ ವಾಸನೆ ಇವನ್ನು ನೋಡಿ ಆನೆಯ ದಾರಿ ಹೇಳಬಲ್ಲ ಮುದುಕರು ಸಂದೇಶವನ್ನು ತಮ್ಮ ತಿಳಿವಳಿಕೆಯ ಪಕ್ಕದಲ್ಲಿಟ್ಟು ತೂಗಿ ನೋಡಿದರು, ನಿಜವೆಂದು ಕಂಡಾಗ ಬೆಳಗಿನ ಹೊತ್ತು ತೋಟಕ್ಕೆ ಹೊರಡುವ ಮುಂಚೆ ಮೊಬೈಲು ನೋಡುವುದನ್ನು ರೂಢಿ ಮಾಡಿಕೊಂಡರು. ಉಪಯೋಗ ಪ್ರಾಣದಷ್ಟು ದೊಡ್ಡದು, ಸಂದೇಶ ತಪ್ಪಾದರೂ ಕಳೆದುಕೊಳ್ಳುವುದು ಏನೂ ಇಲ್ಲ. ಇದರ ಎದುರು ಪಹಣಿಯನ್ನು ಇಟ್ಟು ನೋಡಿ. ಅಲ್ಲಿ ಒಂದು ಅಕ್ಷರ ತಪ್ಪಿದರೆ ಹೋಗುವುದು ಗದ್ದೆ.

ಪಹಣಿಯ ಚರಿತ್ರೆಯನ್ನು ಬಲ್ಲವರಿಗೆ ತಂದೆಯವರ ಹಿಂಜರಿಕೆ ಅರ್ಥವಾಗುತ್ತದೆ. ಒಂದು ಕಾಲದಲ್ಲಿ ಊರಿನ ಜಮೀನಿನ ಲೆಕ್ಕವೆಲ್ಲ ವಂಶಪಾರಂಪರ್ಯವಾಗಿ ಬಂದ ಶಾನುಭೋಗರ ಕೈಯಲ್ಲಿತ್ತು. 1961ರ ಕಾಯ್ದೆಯಿಂದ ಆ ಹುದ್ದೆಗಳು ರದ್ದಾಗಿ ಸರ್ಕಾರದ ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಅವರ ಬಗಲಿನಲ್ಲಿರುತ್ತಿತ್ತು. ಅದನ್ನು ನೋಡಬೇಕಾದರೆ ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು, ಅವರ ಮುಖ ನೋಡಿ ಮಾತಾಡಬೇಕಿತ್ತು, ಬರೆಯುವವರ ಮರ್ಜಿಯನ್ನು ಕಾಯಬೇಕಿತ್ತು. 2001ರ ಸುಮಾರಿಗೆ ರಾಜ್ಯದಲ್ಲಿ ಭೂಮಿ ಯೋಜನೆ ಜಾರಿಗೆ ಬಂದು, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಯಾರಿಗೆ ಬೇಕಾದರೂ ಮುದ್ರಿತ ಪಹಣಿ ಸಿಗತೊಡಗಿತು. ನನ್ನ ವಯಸ್ಸಿನವರಿಗೆ ಇದು ದೊಡ್ಡ ಬಿಡುಗಡೆ. ಕಾಯುವುದು, ಕೈಬಿಸಿ ಮಾಡುವುದು ಎರಡೂ ತಪ್ಪಿದ ದಿನ ಅದು. ಆದ್ದರಿಂದಲೇ ನಮ್ಮ ತಲೆಮಾರಿಗೆ ಕಂಪ್ಯೂಟರ್ ಎಂದರೆ ನ್ಯಾಯ ಎಂಬ ಭಾವನೆ ಸ್ವಲ್ಪ ಅತಿಯಾಗಿಯೇ ಇದೆ. ತಂದೆಯವರ ಪೀಳಿಗೆ ಅದಕ್ಕಿಂತ ಹಿಂದಿನ ಪಾಠ ಕಲಿತದ್ದು: ಪುಸ್ತಕ ಯಾರ ಕೈಯಲ್ಲಿದೆಯೋ ಜಮೀನು ಅವರ ಕೈಯಲ್ಲಿದೆ. ಪುಸ್ತಕ ಕಂಪ್ಯೂಟರಾದ ಮೇಲೂ ಆ ಪ್ರಶ್ನೆ ಹಳೆಯದಾಗಿಲ್ಲ. ಮೊದಲು ತಿದ್ದಿದವನ ಅಕ್ಷರದ ಗುರುತಾದರೂ ಸಿಗುತ್ತಿತ್ತು, ಈಗ ಪರದೆಯ ಮೇಲೆ ಎಲ್ಲ ಅಕ್ಷರವೂ ಒಂದೇ ತೆರನಾಗಿದೆ.

ಮಗನಿಗೆ ಈ ಎರಡು ನೆನಪುಗಳೂ ಇಲ್ಲ. ಅವನು ಹರೆಯಕ್ಕೆ ಬರುವ ಹೊತ್ತಿಗೆ ಯುಪಿಐ ಬಂದಿತ್ತು, ಅಗ್ಗದ ಡೇಟಾ ಬಂದಿತ್ತು. ಎರಡೂ 2016ರ ಕೊಡುಗೆಗಳು. ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಕೂತು ಕಾಯ್ದ ಅನುಭವ ಅವನಿಗಿಲ್ಲವಾದ್ದರಿಂದ ಕಂಪ್ಯೂಟರ್ ಅವನನ್ನು ಯಾವುದರಿಂದಲೂ ಬಿಡಿಸಿಲ್ಲ. ಅದು ನಲ್ಲಿಯ ನೀರಿನ ಹಾಗೆ, ಬರದಿದ್ದಾಗ ಮಾತ್ರ ಸಿಟ್ಟು ಬರುತ್ತದೆ. ಅವನ ಆತಂಕಗಳು ಬೇರೆ. ತನ್ನ ಫೋಟೊ, ತನ್ನ ಮಾಹಿತಿ ಯಾರ ಬಳಿ ಇದೆ ಎಂಬುದು, ಕೃತಕ ಬುದ್ಧಿಮತ್ತೆ ತನ್ನ ಕೆಲಸವನ್ನು ಕಿತ್ತುಕೊಳ್ಳುತ್ತದೆಯೇ ಎಂಬುದು. ತಾತನಿಗೆ ಪಹಣಿ ತಿದ್ದುವವರ ಭಯವಿದ್ದರೆ ಮೊಮ್ಮಗನಿಗೆ ಮಾಹಿತಿ ಕದಿಯುವವರ ಭಯ. ಇಬ್ಬರೂ ಕೇಳುತ್ತಿರುವುದು ಪುಸ್ತಕ ಯಾರ ಕೈಯಲ್ಲಿದೆ ಎಂದೇ, ಆದರೆ ಪರಸ್ಪರರ ಭಯವನ್ನು ಇಬ್ಬರೂ ಗುರುತಿಸುವುದಿಲ್ಲ.

ಯಂತ್ರಗಳು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾಗುತ್ತವೆ ಎಂಬುದನ್ನೂ ಇಲ್ಲಿ ಹೇಳಲೇಬೇಕು. ನಮ್ಮ ದೊಡ್ಡಮ್ಮ ನಲವತ್ತು ವರ್ಷ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ದವರು. ಪಡಿತರಕ್ಕೆ ಹೆಬ್ಬೆಟ್ಟಿನ ಯಂತ್ರ ಬಂದ ಮೇಲೆ ಒಂದು ದಿನ ಅವರ ಜೊತೆ ನಾನೂ ಹೋಗಿದ್ದೆ. ಬಲಗೈ ಹೆಬ್ಬೆಟ್ಟು ಒತ್ತಿದರು, ಯಂತ್ರ ಒಪ್ಪಲಿಲ್ಲ. ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿದರು. ಎಡಗೈಯದು, ತೋರುಬೆರಳು, ಒದ್ದೆ ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ. ಸಾಲಿನಲ್ಲಿದ್ದವರು ಸುಮ್ಮನಾದರು. “ನಾಳೆ ಬನ್ನಿ ಅಜ್ಜಿ, ಸರ್ವರ್ ಸರಿ ಇಲ್ಲ” ಎಂದರು ಅಂಗಡಿಯವರು, ಮರ್ಯಾದೆಗೆ. ಸರ್ವರ್ ಸರಿಯಾಗಿಯೇ ಇತ್ತು, ಅವರ ಹಿಂದಿದ್ದ ಹುಡುಗನಿಗೆ ಒಂದೇ ಸಲಕ್ಕೆ ಅಕ್ಕಿ ಸಿಕ್ಕಿತು. ವಯಸ್ಸಾದಂತೆ ಚರ್ಮ ಒಣಗುತ್ತದೆ, ದುಡಿದಂತೆ ಬೆರಳಿನ ಗೆರೆಗಳು ಸವೆಯುತ್ತವೆ. ಗೆರೆ ಓದಿ ಗುರುತು ಹಿಡಿಯುವ ಯಂತ್ರಕ್ಕೆ ಅಂಥ ಬೆರಳು ಸುಲಭವಾಗಿ ಸಿಕ್ಕುವುದಿಲ್ಲ. ಕಣ್ಣಿನ ಪಾಪೆ, ಮೊಬೈಲಿಗೆ ಬರುವ ಒಟಿಪಿ ಹೀಗೆ ಬೇರೆ ದಾರಿಗಳಿವೆ, ಆದರೆ ಮೊಬೈಲು ಇಲ್ಲದವರಿಗೆ ಒಟಿಪಿ ಎಲ್ಲಿಂದ ಬರಬೇಕು? ದೊಡ್ಡಮ್ಮ ಆ ದಿನ ಖಾಲಿ ಚೀಲ ಮಡಿಸಿಕೊಂಡು ಮನೆಗೆ ಬಂದು, ಆಮೇಲೆ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿಕೊಳ್ಳುತ್ತಿದ್ದರು. ಅವರನ್ನು ತಂತ್ರಜ್ಞಾನವನ್ನು ವಿರೋಧಿಸುವ ತಲೆಮಾರು ಎಂದು ಯಾರಾದರೂ ಕರೆದರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇಲ್ಲಿಯದೇ. ಮೂಡಿಗೆರೆಯ ತೋಟದಲ್ಲಿ ಬದುಕಿದ, 1938ರಲ್ಲಿ ಹುಟ್ಟಿ 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಅರವತ್ತು ದಾಟಿದ ಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ನಿಲ್ಲಬೇಕು, ಅದಕ್ಕೆ ಒಳ್ಳೆಯ ತಂತ್ರಾಂಶ ಬೇಕು ಎಂದು ಪಟ್ಟು ಹಿಡಿದು ದುಡಿದರು. ಕಂಪ್ಯೂಟರಿಗೆ ಇಂಗ್ಲಿಷೇ ಸಾಕೆಂದು ಎಷ್ಟೋ ಯುವಕರು ಅಂದುಕೊಂಡಿದ್ದ ಕಾಲ ಅದು. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಮನೆಮನೆಗೆ ದೂರದರ್ಶನವನ್ನು ತಲುಪಿಸಿದ ಇನ್ಸಾಟ್ ಉಪಗ್ರಹಗಳನ್ನು ಅಲ್ಲಿಂದಲೇ ನಡೆಸುತ್ತಿದ್ದರು. ಆ ದೊಡ್ಡ ತಟ್ಟೆಗಳನ್ನು ನೋಡುತ್ತ ಸಂತೆಗೆ ಹೋಗಿಬರುತ್ತಿದ್ದ ರೈತರು ಈಗ ಅಜ್ಜಂದಿರು. ಹೊಸದು ಎಂಬುದಕ್ಕೇ ಅವರು ಬೆಚ್ಚುವವರಲ್ಲ.

ರಾಜಕೀಯದ ಮೇಲೆ ಈ ಅಂತರಗಳ ಪರಿಣಾಮ ಎಷ್ಟು? 2016ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟವನ್ನು ತೊರೆಯುವ ಬಗ್ಗೆ ಜನಮತ ಕೇಳಿದಾಗ ಯುವಕರಲ್ಲಿ ಹೆಚ್ಚಿನವರು ಉಳಿಯಲು, ವಯಸ್ಸಾದವರಲ್ಲಿ ಹೆಚ್ಚಿನವರು ಹೊರಬರಲು ಮತ ಹಾಕಿದರು. ಅಷ್ಟು ಸ್ಪಷ್ಟವಾದ ವಯಸ್ಸಿನ ಗೆರೆ ನಮ್ಮ ಚುನಾವಣೆಗಳಲ್ಲಿ ಕಾಣುವುದಿಲ್ಲ. ಜಾತಿ, ಮನೆತನ, ಊರಿನ ಪಾರ್ಟಿ ಇವು ತಾತನನ್ನೂ ಮೊಮ್ಮಗನನ್ನೂ ಒಂದೇ ಕಡೆ ನಿಲ್ಲಿಸುತ್ತವೆ. 1999ರಲ್ಲಿ ಹಾಸನ ಲೋಕಸಭಾ ಕ್ಷೇತ್ರದಲ್ಲಿ ಜಿ. ಪುಟ್ಟಸ್ವಾಮಿಗೌಡರು ದೇವೇಗೌಡರನ್ನು ಸೋಲಿಸಿದ್ದರು. ಇಪ್ಪತ್ತೈದು ವರ್ಷಗಳ ನಂತರ, 2024ರಲ್ಲಿ, ಅದೇ ಕ್ಷೇತ್ರದಲ್ಲಿ ಪುಟ್ಟಸ್ವಾಮಿಗೌಡರ ಮೊಮ್ಮಗ ದೇವೇಗೌಡರ ಮೊಮ್ಮಗನನ್ನು ಸೋಲಿಸಿದರು. ಅಭ್ಯರ್ಥಿಗಳ ತಲೆಮಾರು ಬದಲಾಯಿತು, ಎದುರಾಳಿ ಮನೆತನಗಳು ಬದಲಾಗಲಿಲ್ಲ.

ಯಾವ ಪಕ್ಷಕ್ಕೆ ಮತ ಎಂಬುದಕ್ಕಿಂತ ಯಾವ ವಿಷಯ ದೊಡ್ಡದು ಎಂಬಲ್ಲಿ ತಲೆಮಾರಿನ ಅಂತರ ಎದ್ದು ಕಾಣುತ್ತದೆ. ಅಮೆರಿಕದ ರಾಜ್ಯಶಾಸ್ತ್ರಜ್ಞ ರೊನಾಲ್ಡ್ ಇಂಗಲ್‌ಹಾರ್ಟ್ 1970ರ ದಶಕದಲ್ಲಿ ಹೇಳಿದ್ದು ಇದನ್ನೇ: ಕೊರತೆಯಲ್ಲಿ ಬೆಳೆದವರು ಅನ್ನ, ಕೆಲಸ, ಭದ್ರತೆಗೆ ಮೊದಲ ಸ್ಥಾನ ಕೊಡುತ್ತಾರೆ, ಇವು ಸಿಕ್ಕಿದ ಮನೆಯಲ್ಲಿ ಬೆಳೆದವರು ಪರಿಸರ, ಸ್ವಾತಂತ್ರ್ಯ, ಮಾತಿನ ಹಕ್ಕು ಇವನ್ನು ಮುಂದಿಡುತ್ತಾರೆ. ಕುದುರೆಮುಖದ ಕಬ್ಬಿಣದ ಅದಿರು ಗಣಿ ಯೋಜನೆ 1970ರ ದಶಕದಲ್ಲಿ ಶುರುವಾದಾಗ ಚಿಕ್ಕಮಗಳೂರಿನ ಬಡ ಮನೆಗಳಿಗೆ ಅದು ಸಂಬಳ, ಕ್ವಾರ್ಟರ್ಸ್, ಆಸ್ಪತ್ರೆ. ಅವರ ಮಕ್ಕಳ ಕಾಲಕ್ಕೆ ಅದೇ ಗಣಿ ಭದ್ರಾ ನದಿಗೆ ಇಳಿಯುವ ಹೂಳು, ಬೋಳಾದ ಗುಡ್ಡ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಾಗ ಕೆಲಸ ಕಳೆದುಕೊಂಡ ಅಪ್ಪನೂ ಹೋರಾಟ ಗೆದ್ದ ಮಗನೂ ಒಂದೇ ಸೂರಿನಡಿ ಇದ್ದ ಮನೆಗಳನ್ನು ನಾನು ಬಲ್ಲೆ. ಆದರೆ ಇಂಗಲ್‌ಹಾರ್ಟ್ ಸೂತ್ರ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಎಸ್ಟೇಟಿನ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದ ಇಪ್ಪತ್ತರ ಹುಡುಗಿಗೆ ಇಂದಿಗೂ ಮೊದಲ ವಿಷಯ ಸ್ವಂತ ನಿವೇಶನ, ಅದೇ ಎಸ್ಟೇಟಿನ ಬಂಗಲೆಯಲ್ಲಿ ಬೆಳೆದ ಅವಳ ಓರಗೆಯವನಿಗೆ ಕಾಡಿನ ಉಳಿವು. ತಲೆಮಾರು ಒಂದೇ ಆದರೂ ಕೊರತೆ ಒಂದೇ ಅಲ್ಲ.

ಸುದ್ದಿ ನಂಬುವ ರೀತಿಯಲ್ಲಿ ಮಾತ್ರ ವಯಸ್ಸು ಬೇರೆ ಥರ ಕೆಲಸ ಮಾಡುತ್ತದೆ. 2016ರ ಅಮೆರಿಕದ ಚುನಾವಣೆಯ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಫೇಸ್‌ಬುಕ್‌ನಲ್ಲಿ 65 ದಾಟಿದವರು ಅತಿ ಕಿರಿಯ ಗುಂಪಿನವರಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಸುಳ್ಳುಸುದ್ದಿಗಳನ್ನು ಹಂಚಿಕೊಂಡಿದ್ದರು. ಆ ಅಂಕಿಯನ್ನು ನಮ್ಮೂರಿಗೆ ಹಾಗೇ ತರಲಾಗದು, ಆದರೆ ಅದರ ಹಿಂದಿನ ಕಾರಣವನ್ನು ನಾನು ನಮ್ಮ ಜಗುಲಿಯ ಮೇಲೆ ಕಂಡಿದ್ದೇನೆ. ತಂದೆಯವರು ಬೆಳೆದದ್ದು ಭದ್ರಾವತಿ ಆಕಾಶವಾಣಿಯ ವಾರ್ತೆ, ಒಂದು ದಿನ ತಡವಾಗಿ ಬರುವ ಪತ್ರಿಕೆ ಇವೆರಡನ್ನು ನಂಬಿ. ಅಚ್ಚಾಗಿ ಬಂದ ಮಾತಿಗೆ ಯಾರೋ ಹೊಣೆ ಹೊತ್ತಿರುತ್ತಾರೆ ಎಂಬುದು ಅವರ ಕಾಲದ ಅನುಭವ. ವಾಟ್ಸಾಪಿನಲ್ಲಿ ಅಚ್ಚಿನ ಅಕ್ಷರದಂತೆಯೇ ಕಾಣುವ ಮಾತು ಬಂದಾಗ ಆ ಹಳೆಯ ನಂಬಿಕೆ ತಾನೇ ತಾನಾಗಿ ಎದ್ದು ಬರುತ್ತದೆ. ಜಮೀನಿನ ಕಾಗದದ ಬಗ್ಗೆ ಅಷ್ಟು ಎಚ್ಚರದಿಂದಿರುವವರು ಸುದ್ದಿಯ ವಿಷಯದಲ್ಲಿ ಹೀಗೇಕೆ ಎಂದು ನಾನು ಬಹಳ ದಿನ ಯೋಚಿಸಿದ್ದೆ. ದಾಖಲೆ ಬರೆಯುವವರು ಮೋಸ ಮಾಡುವುದನ್ನು ಅವರು ಹರೆಯದಲ್ಲಿ ಕಂಡಿದ್ದರು, ಸುದ್ದಿ ಹೇಳುವವರು ಸುಳ್ಳು ಹೇಳುವುದನ್ನು ಕಂಡಿರಲಿಲ್ಲ. ಮಗನದು ತದ್ವಿರುದ್ಧ: ಸುದ್ದಿಯೆಲ್ಲ ಅನುಮಾನ, ದಾಖಲೆಯೆಲ್ಲ ನಂಬಿಕೆ.

ಇವೆಲ್ಲದರ ಹಿಂದೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿದೆ. 2001ರಿಂದ 2011ರ ನಡುವಿನ ದಶಕದಲ್ಲಿ ಕರ್ನಾಟಕದಲ್ಲಿ ಜನಸಂಖ್ಯೆ ಕುಗ್ಗಿದ ಒಂದೇ ಜಿಲ್ಲೆ ಚಿಕ್ಕಮಗಳೂರು. 11,40,905 ಇದ್ದದ್ದು 11,37,961 ಆಯಿತು. ಹಾಸನ ಬೆಳೆದದ್ದು ಹತ್ತು ವರ್ಷಕ್ಕೆ ಶೇ. 3ರಷ್ಟು ಮಾತ್ರ. ಮಕ್ಕಳು ಕಡಿಮೆ ಹುಟ್ಟುತ್ತಿದ್ದಾರೆ, ಹುಟ್ಟಿದವರು ಓದಿ ಬೆಂಗಳೂರಿಗೆ ಹೋಗುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಂದಿಯ ಮತ ಊರಿನಲ್ಲೇ ಇದೆ. ಮತದಾನದ ಹಿಂದಿನ ರಾತ್ರಿ ಬಸ್ಸು ಹತ್ತಿ ಬಂದು, ಬೆಳಿಗ್ಗೆ ಮತ ಹಾಕಿ, ಸಂಜೆ ವಾಪಸಾಗುತ್ತಾರೆ. ಊರಿನ ರಸ್ತೆ, ಆನೆ, ಆಸ್ಪತ್ರೆ ಇವುಗಳ ಜೊತೆ ದಿನವೂ ಬದುಕುವವರು ಅರವತ್ತು ದಾಟಿದವರು. ಊರಿನ ರಾಜಕೀಯ ಚರ್ಚೆ ನಡೆಯುವುದೋ ಊರಿನ ಹೆಸರಿನ ವಾಟ್ಸಾಪ್ ಗುಂಪಿನಲ್ಲಿ, ಅಲ್ಲಿ ಹೆಚ್ಚು ಮಾತಾಡುವವರು ಊರಲ್ಲಿಲ್ಲದ ಹುಡುಗರು. ಮೊದಲು ಅರಳಿಕಟ್ಟೆಯಲ್ಲಿ ಹಿರಿಯರು ಮಾತಾಡಿದ ಮೇಲೆ ಕಿರಿಯರ ಸರದಿ ಬರುತ್ತಿತ್ತು. ಈಗ ಗುಂಪಿನಲ್ಲಿ ಹಿರಿಯರು ಒಂದು ಸಾಲು ಬರೆಯುವಷ್ಟರಲ್ಲಿ ಕಿರಿಯರದು ಹತ್ತು ಸಾಲು ಮುಗಿದಿರುತ್ತದೆ. ಮಾತಿನ ಹಕ್ಕು ಕೈ ಬದಲಾಯಿಸಿದ ಈ ಸಂಗತಿ, ಯಾವ ಪಕ್ಷ ಗೆದ್ದಿತು ಎಂಬುದಕ್ಕಿಂತ ಆಳವಾದ ರಾಜಕೀಯ ಬದಲಾವಣೆ ಎಂದು ನಾನು ತಿಳಿದಿದ್ದೇನೆ.

ಕೆಲವು ತಿಂಗಳ ಹಿಂದೆ ಗದ್ದೆಯ ಪೋಡಿಗೆಂದು, ಅಂದರೆ ಅಳತೆ ಮಾಡಿಸಿ ನಮ್ಮ ಭಾಗವನ್ನು ದಾಖಲೆಯಲ್ಲಿ ಬೇರ್ಪಡಿಸಲೆಂದು, ಅರ್ಜಿ ಹಾಕಲು ಹೊರಟಾಗ, ಮೊಬೈಲಿನ ಪಹಣಿಯಲ್ಲಿ ವಿಸ್ತೀರ್ಣ ಮೂರು ಗುಂಟೆ ಕಡಿಮೆ ಇರುವುದು ಕಂಡಿತು. ಮೊದಲ ಸಲ ಕಂಪ್ಯೂಟರಿಗೆ ಏರಿಸುವಾಗ ಆಗಿರಬಹುದಾದ ತಪ್ಪು. ತಿದ್ದಿಸಬೇಕಾದರೆ ಹಳೆಯ ದಾಖಲೆ ಬೇಕು. ಮಗ ಅಟ್ಟ ಹತ್ತಿ ಟ್ರಂಕು ಇಳಿಸಿದ. 1980ರ ದಶಕದ ಪಹಣಿಯ ಹಾಳೆ ಸಿಕ್ಕಿತು, ಆದರೆ ಆ ಕೂಡಕ್ಷರದ ಬರಹ, ಗುಂಟೆ ಆಣೆಗಳ ಗುರುತು ಅವನಿಗೆ ಓದಲಾಗಲಿಲ್ಲ. ತಂದೆಯವರು ಕಿಟಕಿಯ ಬೆಳಕಿಗೆ ಹಾಳೆ ಹಿಡಿದು ಒಂದೊಂದೇ ಕಾಲಮ್ಮು ಓದಿ ಹೇಳಿದರು, “ಖರಾಬು ಬಿಟ್ಟು ಎರಡೆಕರೆ ಹನ್ನೊಂದು ಗುಂಟೆ, ಬರ್ಕೊ” ಎಂದರು. ಮಗ ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡ. ಬರೆದದ್ದನ್ನು ತಂದೆಯವರು ತಿರುಗಿಸಿ ತೋರಿಸು ಎಂದರು, ಅಂಕಿಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಹಾಳೆಯ ಜೊತೆ ತಾಳೆ ನೋಡಿ, ಆಮೇಲೆ ಮಾತ್ರ ಪಂಚೆ ಸುತ್ತತೊಡಗಿದರು. “ತಡೀರಿ ತಾತ” ಎಂದು ಮಗ ಉಳಿದ ಹಾಳೆಗಳನ್ನೂ ಒಂದೊಂದಾಗಿ ಜಗುಲಿಯ ಮೇಲೆ ಹರವಿ, ಬಿಸಿಲು ಇಳಿಯುವವರೆಗೆ ಫೋಟೊ ತೆಗೆದ.